ಹೆಲಿಕಾಪ್ಟರಿನ ನಾಲ್ಕನೆಯ ಸೀಟು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮೇಜರ್ ಜನರಲ್ ಆಗಿ ಉತ್ತರದ ಗಡಿಯಲ್ಲಿ ಒಂದು ಡಿವಿಷನ್‌ನ ಮುಖ್ಯಸ್ಥನಾಗಿದ್ದೆ. ಡಿವಿಷನ್ ಎಂದರೆ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರ ಪಡೆ. ಅಷ್ಟು ಜನರ ನಡುವೆ ನನ್ನೊಡನೆ ದಿನವೂ ಕನ್ನಡ ಮಾತಾಡುತ್ತಿದ್ದವನು ಜೀಪಿನ ಚಾಲಕ, ಹವಾಲ್ದಾರ್ ಹನುಮಂತರಾಯ. ಅವನದು ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣ, ನನ್ನದು ಪಕ್ಕದ ಮಧುಗಿರಿ. ಹಿಮದ ರಸ್ತೆಯಲ್ಲಿ ಅವನು ಊರ ಕುರುಚಲು ಕಾಡಿನ ಚಿಂಕಾರ ಜಿಂಕೆಗಳ ಕಥೆ ಹೇಳುತ್ತಿದ್ದರೆ ನಾನು ಪದವಿ ಮರೆತು ಕೇಳುತ್ತಿದ್ದೆ. ಒಮ್ಮೆ ಮೆಸ್‌ನಲ್ಲಿ ಯಾರೋ ಅವನನ್ನು “ಜನರಲ್ ಸಾಹೇಬರ ಊರಿನವನು” ಎಂದು ನಕ್ಕದ್ದು ನನ್ನ ಕಿವಿಗೆ ಬಿತ್ತು. ಪಕ್ಷಪಾತಿ ಎನಿಸಿಕೊಳ್ಳುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಚಳಿಗಾಲ ಹಿಮ ಬಿದ್ದು ಬೆಟ್ಟ ಇಳಿಯುವ ರಸ್ತೆ ಮುಚ್ಚಿತು. ಹವಾಮಾನ ಪೂರ್ತಿ ಕೆಡುವ ಮೊದಲು ಒಂದೇ ಒಂದು ಹೆಲಿಕಾಪ್ಟರ್ ಹಾರಬಹುದಿತ್ತು. ನಾಲ್ಕು ಸೀಟುಗಳಲ್ಲಿ ಮೂರು ರೋಗಿಗಳಿಗೆ ಹೋದವು. ಉಳಿದ ಒಂದಕ್ಕೆ ಎರಡು ಹೆಸರು: ಹೊಸ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದ ಒಬ್ಬ ಸುಬೇದಾರ್, ಮತ್ತು ಹನುಮಂತರಾಯ.

ಅವನ ತಂದೆ ತುಮಕೂರಿನ ಆಸ್ಪತ್ರೆಯಲ್ಲಿದ್ದರು. “ಇವತ್ತೋ ನಾಳೆಯೋ ಅಂತವ್ರೆ ಸಾರ್. ನಾನೊಬ್ನೇ ಮಗ. ಬಾಯಿಗೆ ನೀರು ಬುಡೋಕಾದ್ರೂ ಹೋಗ್ಬೇಕು” ಎಂದ. “ನೋಡೋಣ” ಎಂದೆ.

ಪೆನ್ನು ಹಿಡಿದಾಗ ನನಗೆ ನೆನಪಾದದ್ದು ಅವನ ತಂದೆಯಲ್ಲ, ಮೆಸ್‌ನ ಆ ನಗು. ಅವನ ಹೆಸರಿನ ಮೇಲೆ ಗೀಟು ಎಳೆದೆ. ಊರಿನವನೆಂದು ಕರಗಲಿಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ. ಥೂ, ಅದನ್ನು ಬರೆಯಲೂ ಈಗ ನಾಚಿಕೆಯಾಗುತ್ತದೆ.

ಮೂರನೆಯ ದಿನ ಅವನ ತಂದೆ ತೀರಿಕೊಂಡರು. ಮಣ್ಣು ಮಾಡಿದ್ದು ಅಳಿಯ. ಇನ್ನೊಂದು ಹೆಲಿಕಾಪ್ಟರ್ ಬರಲು ಒಂಬತ್ತು ದಿನ ಹಿಡಿಯಿತು. ಅದರಲ್ಲಿ ಊರಿಗೆ ಹೋಗಿ, ರಜೆ ಮುಗಿಸಿ ಬಂದ ಹನುಮಂತರಾಯ ಎಂದಿನಂತೆ ಸೆಲ್ಯೂಟ್ ಹೊಡೆದು ಜೀಪ್ ಚಾಲೂ ಮಾಡಿದ. ಚಿಂಕಾರಗಳ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ. ಹೇಳು ಎನ್ನುವ ಮುಖ ನನಗೂ ಇರಲಿಲ್ಲ.

ನಿವೃತ್ತನಾಗಿ ಮಧುಗಿರಿಗೆ ಬಂದ ಮೇಲೂ ಅದು ಕೊರೆಯುತ್ತಲೇ ಇತ್ತು. ಅವನೂ ನಿವೃತ್ತನಾಗಿ ಊರಿನಲ್ಲಿದ್ದಾನೆಂದು ತಿಳಿದು, ಕ್ಷಮೆ ಕೇಳಲೆಂದೇ ಕಳೆದ ವರ್ಷ ಬುಕ್ಕಾಪಟ್ಟಣಕ್ಕೆ ಹೋದೆ. ಅವನ ತಾಯಿ ಮಜ್ಜಿಗೆ ಕೊಟ್ಟು ಎದುರಿಗೇ ಕೂತರು.

“ಆ ಮಗ ಈಗ ಹೆಂಗೈತೆ ಸ್ವಾಮಿ?”

“ಯಾವ ಮಗು ಅಮ್ಮ?”

“ಅದೇ, ಸಾಯಂಗಾಗಿತ್ತಂತಲ್ಲ. ಅದರಪ್ಪಂಗೆ ನೀವು ಸೀಟು ಕೊಟ್ರಂತೆ. ಹನುಮಂತನೇ ಹೇಳ್ದ.”

ಹನುಮಂತರಾಯ ತಲೆ ಬಗ್ಗಿಸಿದ. “ಚೆನ್ನಾಗಿದೆ ಅಮ್ಮ” ಎಂದುಬಿಟ್ಟೆ. ತಪ್ಪೊಪ್ಪಿಕೊಳ್ಳಲು ಬಂದವನು ಇನ್ನೊಂದು ಸುಳ್ಳು ಸೇರಿಸಿ ಎದ್ದೆ.

ಕಾರಿನವರೆಗೆ ಬಂದ ಅವನನ್ನು ಕೇಳಿದೆ: “ಸುಬೇದಾರ್ ಯಾತಕ್ಕೆ ಹೋದ ಅಂತ ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿಲ್ದೆ ಏನ್ ಸಾರ್? ಹೆಲಿಪ್ಯಾಡ್‌ಗೆ ಬುಟ್ಟು ಬಂದವ್ನು ನಾನೇ ಅಲ್ವಾ. ದಾರಿಯುದ್ದಕ್ಕೂ ಹೊಸಮನೆ ಫೋಟೋ ತೋರಿಸ್ದ.”

“ಮತ್ತೆ ಅಮ್ಮನಿಗೆ?”

“ನಮ್ಮ ಕಡೆ ಸಾಹೇಬ್ರೇ ನನ್ನ ಹೆಸರು ಹೊಡೆದಾಕುದ್ರು ಅಂತ ಅವ್ವಂಗೆ ಹೆಂಗೇಳ್ಲಿ ಸಾರ್?”

ಮೂವತ್ತೈದು ವರ್ಷದ ನೌಕರಿ ಕಲಿಸದ ಪಾಠ ಅಲ್ಲಿ, ಕಾರಿನ ಬಾಗಿಲ ಬಳಿ ತಿಳಿಯಿತು. ನಾನು ಕಾಪಾಡಿದ್ದು ನ್ಯಾಯವನ್ನಲ್ಲ, ನನ್ನ ಹೆಸರನ್ನು. ತನ್ನವನನ್ನು ಬೇಕೆಂದೇ ಹೊರಗಿಡುವುದೂ ಪಕ್ಷಪಾತವೇ.

ಮತ್ತೆ ಒಳಗೆ ಹೋದೆ. “ಅಮ್ಮ, ಅಂಥ ಮಗು ಯಾವುದೂ ಇರಲಿಲ್ಲ. ನಿಮ್ಮ ಮಗನ ಸೀಟನ್ನು ನಾನೇ ತಪ್ಪಿಸಿದೆ” ಎಂದೆ. ಗೃಹಪ್ರವೇಶದ ವಿಷಯವನ್ನೂ ಬಿಡದೆ ಹೇಳಿದೆ.

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಆಡಿದರು:

“ಆ ಮಗ ಚೆನ್ನಾಗಿರ್ಲಿ ಅಂತ ದಿನಾ ದೀಪ ಹಚ್ತಿದ್ದೆ ಸ್ವಾಮಿ.”