ಆದ್ಯಫಲದ ಏಲಂನಲ್ಲಿ ನನ್ನ ಚೌಕಾಶಿ

ಬೆಲೆ ಕೇಳುವ ಮೊದಲು ಮಾಲಿನ ದೋಷ ಹೇಳಬೇಕು. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಇವತ್ತಿಗೂ ಕೊಡುವ ಮೊದಲ ಬುದ್ಧಿಮಾತು ಇದು. ಐವತ್ತರ ದಶಕದ ಕೊನೆಯಲ್ಲಿ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನಾನು ಒಣಶುಂಠಿ, ಒಳ್ಳೆಮೆಣಸಿನ ದಲ್ಲಾಳಿ. ಶುಂಠಿ ಎಷ್ಟೇ ಚೆನ್ನಾಗಿರಲಿ, ಮುರಿದು ಮೂಸಿ, "ಹುಳ ಹಿಡಿದಿದೆಯಲ್ಲ" ಎಂದು ಮುಖ ಸಿಂಡರಿಸದೆ ಬೆಲೆ ಕೇಳಿದವನಲ್ಲ.

ಮಂಗಳೂರಿನ ಒಂದು ಮಿಷನ್ ಬೋರ್ಡಿಂಗಿನಲ್ಲಿ ಬೆಳೆದ ಅನಾಥ ನಾನು. ಮೊದಲು ಬಾವಿಯಿಂದ ನೀರು ಸೇದಿ ಹಾಕಬೇಕು, ಆಮೇಲೆ ಗಂಜಿ. ಅದು ಅಲ್ಲಿಯ ಪದ್ಧತಿ. ಹಾಗಾಗಿ ಪುಕ್ಕಟೆ ಎಂದು ಯಾರಾದರೂ ಹೇಳಿದರೆ ಸಂಶಯ ಬರುತ್ತಿತ್ತು. ದೇವರ ಹತ್ತಿರವೂ ಅಷ್ಟೇ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಗಳಿಕೆಯ ಹತ್ತರಲ್ಲೊಂದು ಪಾಲಾದ ದಶಮಾಂಶ ತಪ್ಪಿಸುವುದಿಲ್ಲ, ಕಳ್ಳು ಮುಟ್ಟುವುದಿಲ್ಲ. ಇಷ್ಟೆಲ್ಲ ಸಲ್ಲಿಸುವ ಗಿರಾಕಿಯನ್ನು ಆತ ಬಿಟ್ಟಾನೆಯೇ ಎಂದು ಧೈರ್ಯವಾಗಿದ್ದೆ.

ಆ ವರ್ಷ ಕ್ರಿಸ್ಮಸ್ ಹೊತ್ತಿಗೆ ತಿರುವನಂತಪುರದಿಂದ ಒಬ್ಬ ಹುಡುಗಿ ಕೊಚ್ಚಿಯ ತನ್ನ ಚಿಕ್ಕಮ್ಮನ ಮನೆಗೆ ಬಂದಳು. ಮನೆಮಾತು ಕನ್ನಡ, ನಮ್ಮ ಮಂಗಳೂರಿನ ಕಡೆಯವರೇ; ತಂದೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ದೊಡ್ಡ ಗುಮಾಸ್ತರು. ಚರ್ಚಿನ ಹಾಡಿನ ತಂಡದಲ್ಲಿ ನಾನು ರಾಗ ತಪ್ಪಿದಾಗಲೆಲ್ಲ ಅವಳು ನಗುತ್ತಿದ್ದಳು. ಅವಳು ಊರಿಗೆ ಹೋದ ಮೇಲೆ ನನಗೆ ಮೆಣಸಿನ ದರವೇ ನೆನಪಿನಲ್ಲಿ ನಿಲ್ಲದಾಯಿತು. ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಮೂಲಕ ಹೆಣ್ಣು ಕೇಳಿಸಿದೆ. "ಇಲ್ಲಿ ನಮ್ಮ ಚರ್ಚಿನ ಆದ್ಯಫಲದ ಹಬ್ಬಕ್ಕೆ ಬರಲಿ, ಆರಾಧನೆ ಮುಗಿಸಿ ಮನೆಗೆ ಊಟಕ್ಕೆ ಹೋಗೋಣ" ಎಂದು ತಂದೆ ಹೇಳಿ ಕಳಿಸಿದರು.

ಬೆಳೆಯ ಮೊದಲ ಪಾಲನ್ನು ದೇವರಿಗೆ ಒಪ್ಪಿಸುವ ಆ ಹಬ್ಬದಲ್ಲಿ ಸಭೆಯವರು ತಂದ ಬಾಳೆಗೊನೆ, ಕುಂಬಳಕಾಯಿ, ಕೋಳಿ ಎಲ್ಲವನ್ನೂ ಆರಾಧನೆಯ ನಂತರ ಅಂಗಳದಲ್ಲಿ ಏಲಂ ಹಾಕುತ್ತಾರೆ. ದೇವರ ಕೆಲಸಕ್ಕೆ ಹೋಗುವ ದುಡ್ಡಾದ್ದರಿಂದ ಎಲ್ಲರೂ ಪೈಪೋಟಿಯಲ್ಲಿ ಬೆಲೆ ಏರಿಸುತ್ತಾರೆ. ಒಂದು ತೆಂಗಿನಕಾಯಿ ಗೊನೆಯ ಬೆಲೆಗೆ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಒಂದು ಹೇಂಟೆಯನ್ನು ನನ್ನ ಮೂಗಿನ ಮುಂದೆ ಹಿಡಿದಾಗ ಕೈ ತಾನಾಗಿ ಮುಂದೆ ಹೋಯಿತು. ರೆಕ್ಕೆ ಎತ್ತಿದೆ, ಎದೆ ಒತ್ತಿದೆ, ಮಲಯಾಳದಲ್ಲಿ ಗಟ್ಟಿಯಾಗಿ ಹೇಳಿಯೇಬಿಟ್ಟೆ: "ಮುದಿ ಕೋಳಿ. ಮೊಟ್ಟೆ ನಿಲ್ಲಿಸಿ ಯಾವ ಕಾಲವಾಯಿತೋ. ಅರ್ಧಕ್ಕೆ ಕೊಡುವುದಾದರೆ ನೋಡೋಣ."

ಅಂಗಳವೆಲ್ಲ ನಗು. ಏಲಂ ಕೂಗುವವನು, "ಚೇಟ್ಟಾ, ಕರ್ತನ ಹತ್ತಿರವೂ ಚೌಕಾಶಿಯೋ?" ಎಂದ. ಹುಡುಗಿಯ ತಾಯಿ ಮಾತ್ರ ನಗಲಿಲ್ಲ. ಕೋಳಿ ಅವರದು.

ಕೆಟ್ಟೆ ಎಂದುಕೊಂಡೆ. ಆಮೇಲೆ ನಾನೇ ಕೂಗಿದೆ, ನನ್ನ ಕೂಗಿನ ಮೇಲೆ ನಾನೇ ಏರಿಸಿದೆ, ಕೋಳಿಯನ್ನು ಕೊಂಡು ಮತ್ತೆ ಏಲಂಗೇ ಒಪ್ಪಿಸಿದೆ. ಅವರ ಮನೆ ತಲುಪುವವರೆಗೆ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದು ಒಂದೇ: ಕೈ ಜಾರುತ್ತಿರುವ ಈ ಸಂಬಂಧವನ್ನು ಏನು ಕೊಟ್ಟು ಉಳಿಸಿಕೊಳ್ಳಲಿ?

ಜಗಲಿಯಲ್ಲಿ ಕೂತೊಡನೆ ತಂದೆ ಕೇಳಿದರು. "ನಿಮ್ಮ ವಿಷಯ ಹೇಳಿ ಮಾರಾಯ್ರೆ. ಯಾವ ತರಹದ ಕ್ರೈಸ್ತರು ನೀವು?"

ಒಂದೇ ಉಸಿರಿಗೆ ಹೇಳಿದೆ: ದಶಮಾಂಶ, ಭಾನುವಾರ, ಕಳ್ಳು ಮುಟ್ಟದ್ದು. "ವರದಕ್ಷಿಣೆ ಬೇಡ ಸಾರ್. ನಿಮ್ಮ ಚರ್ಚಿಗೆ ತೇಗದ ಬೆಂಚು ಮಾಡಿಸಿಕೊಡ್ತೇನೆ. ಮದುವೆ ಖರ್ಚೂ ನನ್ನದೇ."

"ಬೆಂಚು ಕೇಳಿದ್ದು ಯಾರು? ನೀವು ಯಾರು ಅಂತ ಕೇಳಿದ್ರೆ ಕೊಟ್ಟದ್ದನ್ನೇ ಹೇಳ್ತಾ ಇದ್ದೀರಿ. ಸಿಕ್ಕಿದ್ದು ಎಂತದೂ ಇಲ್ವಾ?"

"ದುಡಿಯದೆ ನನಗೆ ಏನೂ ಸಿಕ್ಕಿಲ್ಲ ಸಾರ್. ಬೋರ್ಡಿಂಗಿನಲ್ಲಿ ಸಹ ಬಾವಿಯಿಂದ ನೀರು ಸೇದಿದ ಮೇಲೆಯೇ ಗಂಜಿ."

"ಅದೇ ನೋಡಿ ತೊಂದರೆ," ಎಂದರು, ಶಾಲನ್ನು ಕುರ್ಚಿಗೆ ಹಾಕುತ್ತ. "ನೀವು ಆ ಬಾವಿಯಿಂದ ಮೊದಲ ಕೊಡ ಸೇದುವುದಕ್ಕೆ ಮುಂಚೆಯೇ ದೇವರಿಗೆ ನಿಮ್ಮ ಮೇಲೆ ಪ್ರೀತಿ. ಅದನ್ನು ತಕ್ಕೊಂಡವನು ಕ್ರೈಸ್ತ. ದಶಮಾಂಶ, ಬೆಂಚು ಎಲ್ಲ ಆಮೇಲಿನ ಮಾತು."

"ಕಾರಣ ಇಲ್ಲದೆ ಯಾರು ಪ್ರೀತಿ ಮಾಡ್ತಾರೆ ಸಾರ್?"

ಬಾಗಿಲಿನಿಂದ ಹುಡುಗಿಯ ದನಿ ಬಂತು. "ನಾನು ಮಾಡ್ಲಿಲ್ವಾ? ಕೊಚ್ಚಿಯಿಂದ ಬಂದ ದಿನವೇ ಪಪ್ಪನಿಗೆ ಹೇಳಿದ್ದೆ, ಇವರೇ ಆಗಬೇಕು ಅಂತ. ಆಗ ನೀವು ನಮಗೆ ಎಂತ ಕೊಟ್ಟಿದ್ರಿ? ಹಾಡು ಸಹ ಹಾಳು ಮಾಡಿದ್ರಿ."

"ಹಾಗಾದ್ರೆ ಯಾಕೆ...?"

"ಯಾಕೆ ಅಂತ ಹೇಳಿದ್ರೆ ಅದಕ್ಕೂ ಬೆಲೆ ಕಟ್ತೀರಿ. ಹೌದು ಅಂತೀರಾ, ಇಲ್ಲ ಅಂತೀರಾ? ಒಳಗೆ ಸಾರು ತಣಿತಾ ಉಂಟು."

ತಾಯಿ ಸೆರಗಿನ ಮರೆಯಲ್ಲಿ ನಕ್ಕರು. ಎದುರಿನವನು ಹೇಳಿದ ಬೆಲೆಗೆ ಮರುಬೆಲೆ ಹೇಳಬಲ್ಲೆ. ಬೆಲೆಯನ್ನೇ ಹೇಳದವರಿಗೆ ಏನು ಹೇಳುವುದು? ಸ್ವಲ್ಪ ಯೋಚಿಸಿ ತಿಳಿಸುತ್ತೇನೆ ಎಂಬ ದಲ್ಲಾಳಿ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ನುಂಗಿ "ಹೌದು" ಎಂದೆ. ಅಷ್ಟು ಚಿಕ್ಕ ಮಾತಿಗೆ ಅಷ್ಟು ಬೆವರಿದ್ದು ಅದೇ ಮೊದಲು. ಮದುವೆಯಾಗುವ ಹುಡುಗರಿಗೆ ಹೇಳುತ್ತೇನೆ, ಇಂಥ ಕಡೆ ಯೋಚಿಸಲು ಸಮಯ ಕೇಳಬೇಡಿ.

ಊಟಕ್ಕೆ ಕೂತಾಗ ಪ್ರಾರ್ಥನೆ ಮಾಡಲು ನನಗೇ ಹೇಳಿದರು. ನನ್ನ ಪ್ರಾರ್ಥನೆ ಯಾವಾಗಲೂ ಉದ್ದ. ವಾರವಿಡೀ ಮಾಡಿದ ಒಳ್ಳೆಯದನ್ನೆಲ್ಲ ದೇವರಿಗೆ ನೆನಪಿಸಿ ಆಮೇಲೆ ಬೇಡಿಕೆಗೆ ಬರುವುದು ಕ್ರಮ. ಆವತ್ತು ಕಣ್ಣು ಮುಚ್ಚಿದರೆ ನೆನಪಿಸಲು ಒಂದೂ ಹೊಳೆಯಲಿಲ್ಲ.

"ಕರ್ತನೇ, ಕೊಟ್ಟದ್ದನ್ನು ತಕ್ಕೊಂಡೆ. ಆಮೆನ್."

ತಂದೆ ಒಂದು ಕಣ್ಣು ತೆರೆದು, "ಅಷ್ಟೇಯಾ?" ಎಂದರು.

"ಸಾಕು, ಸಾಕು. ಮಗಾ, ಬಟ್ಟಲು ಈಚೆ ತಾ," ಎಂದು ತಾಯಿ ನನಗೆ ಮೊದಲು ಬಡಿಸಿದರು.