ಸೊಸೆ ಕೊಟ್ಟ ಎತ್ತು

ಬಂತ್ರಿ, ನಮ್ಮ ಕಂಪ್ಯೂಟರ್ ಆಟದ ಎರಡನೇ ಭಾಗ ಇವತ್ತು ಬಂತು. ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತು ಆಡಲಿಕ್ಕೂ ಅದರಲ್ಲಿ ಬರುತ್ತದೆ. ಇಷ್ಟು ಸಂತೋಷ ಹೊಟ್ಟೆಯೊಳಗೆ ಇಟ್ಟುಕೊಂಡರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯಲಿಕ್ಕೆ ಕುಂತೆ.

ತಲೆ ಮೇಲೆ ಸೆರಗು, ಸೆರಗಿನ ಮೇಲೆ ಹೆಡ್‌ಫೋನು, ಚಾಳೀಸಿನ ಎರಡೂ ಗಾಜಿನಲ್ಲಿ ಒಂದೊಂದು ಹಸಿರು ಹೊಲ. ನನ್ನ ಸೊಸೆ ಅಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಇದೇ. ನೇಸರಗಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಅವಳು ಜನರ ಅರ್ಜಿ ತುಂಬಿಕೊಡುತ್ತಾಳೆ. ಮಧ್ಯಾಹ್ನ ಜನ ಕಡಿಮೆಯಾದರೆ ಸಾಕು, ಹೆಡ್‌ಫೋನು ಏರುತ್ತದೆ. ಆಮೇಲೆ ಯಾರಾದರೂ ಬಂದರೆ ಬಾಗಿಲ ಕಡೆ ನೋಡದೆ, "ಬಿತ್ತಾಕ ಹತ್ತೇನ್ರಿ, ಐದ ಮಿನಿಟ ಕುಂದರ್ರಿ" ಅನ್ನುತ್ತಾಳೆ. ಬಂದವರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ.

ಅದು ಒಕ್ಕಲುತನದ ಆಟ. ಉಳಬೇಕು, ಬಿತ್ತಬೇಕು, ರಾಶಿ ಮಾಡಬೇಕು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. "ಹಿತ್ತಲದಾಗ ಮೆಣಸಿನಗಿಡ ಒಣಗಾಕ ಹತ್ಯಾವ, ಇಕಿ ಇಲ್ಲಿ ಗಾಜಿಗೆ ನೀರ ಹಾಯಸ್ತಾಳ" ಅಂತ ಚುಚ್ಚಿದರೆ, "ಗಾಜಿನಾಗ ಕಸ ಬೆಳ್ಯಾಂಗಿಲ್ರಿ ಅತ್ತಿ" ಅಂತ ನಗುತ್ತಿದ್ದಳು.

ಒಂದು ಸೋಮವಾರ ಚಹಾ ಕೊಡಲಿಕ್ಕೆ ಹೋಗಿ ನೋಡುತ್ತೇನೆ, ಆಟದ ಹೊಲದಲ್ಲಿ ಎತ್ತು ಹೂಡಿದ್ದಾಳೆ. ಬಾಯಿಂದ ತಾನಾಗಿ ಬಂತು: "ಏ, ಇವತ್ತ ಸೋಮವಾರ. ಎತ್ತಿನ ಹೆಗಲ ಮ್ಯಾಲೆ ನೊಗಾ ಇಡತಾರೇನ?" ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿಗೆ ಸೂಟಿ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಮೂರನೇ ಇಯತ್ತೆ ದಾಟದ ಮುದುಕಿ ಚಿತ್ರದ ಎತ್ತಿಗೆ ನೇಮ ಹೇಳಿದೆನಲ್ಲ ಅಂತ. ಸೊಸೆ ಮಾತ್ರ ನಗಲಿಲ್ಲ. ನೊಗ ಇಳಿಸಿದಳು. ಆಟ ಆಡುವ ಇನ್ನೊಂದು ರಿಮೋಟು ತೆಗೆದು ನನ್ನ ಕೈಯಲ್ಲಿಟ್ಟು, "ಹಂಗಾರ ಎತ್ತ ನಿಮ್ಮದು. ಹೊಲಾ ನಾ ನೋಡ್ಕೋತೇನಿ" ಅಂದಳು.

ನನ್ನ ಯಜಮಾನರು ತೀರಿಕೊಂಡ ವರ್ಷ ಅದು. ಹೊಲ ಬೇರೆಯವರಿಗೆ ಉಳಲಿಕ್ಕೆ ಲಾವಣಿಗೆ ಕೊಟ್ಟು, ಎತ್ತು ಮಾರಿ, ಕೊಟ್ಟಿಗೆ ಬರಿದಾಗಿತ್ತು. ಉಣ್ಣುವುದು, ಗೋಡೆಗೆ ಒರಗುವುದು, ನನಗೆ ಅಷ್ಟೇ ಉಳಿದಿತ್ತು. ಅವತ್ತಿನಿಂದ ಮಧ್ಯಾಹ್ನಕ್ಕೆ ನನಗೂ ಒಂದು ಕುರ್ಚಿ, ಒಂದು ಕೆಲಸ. ಇಂಗ್ಲಿಷ್ ಅಕ್ಷರ ಬರುವುದಿಲ್ಲ. "ಕೆಂಪ ಗುಂಡಿ ಒತ್ರಿ" ಅಂದರೆ ಒತ್ತುತ್ತೇನೆ. ತಪ್ಪಿದರೆ ಎತ್ತು ಹೋಗಿ ಹಳ್ಳಕ್ಕೆ ಬೀಳುತ್ತದೆ. "ಅದಕ್ಕ ಈಸ ಕಲಸಾಕ ಹತ್ತೀರೇನ್ರಿ ಅತ್ತಿ?" ಅನ್ನುತ್ತಾಳೆ.

ಎರಡನೇ ಭಾಗದ ಸುದ್ದಿ ಬಂದಾಗಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ಆಟ ಆಡುವವರು ದೇಶದೇಶದಲ್ಲಿದ್ದಾರಂತೆ. ಅವರು ಬರೆದದ್ದನ್ನೆಲ್ಲ ರೊಟ್ಟಿ ಬಡಿಯುತ್ತ ನನಗೆ ಹೇಳುವಳು. ಹೊಸದರಲ್ಲಿ ಕುರಿ ಹಿಂಡು ಬರುತ್ತದಂತೆ, ಮಳೆ ಬಂದರೆ ಖರೇನೇ ಕೆಸರಾಗುತ್ತದಂತೆ. ಒಬ್ಬನಿಗೆ ತನ್ನ ಹಳೇ ಕಂಪ್ಯೂಟರು ತಾಳುತ್ತದೋ ಇಲ್ಲವೋ ಅಂತ ಚಿಂತೆ. ಇನ್ನೊಬ್ಬನಿಗೆ, ಚಿತ್ರ ಚಂದ ಮಾಡಲು ಹೋಗಿ ಆಟದ ರುಚಿ ಕೆಡಿಸಿದರೆ ಹೇಗೆ ಅಂತ. ನಮ್ಮ ಚಿಂತೆ ಬೇರೆ. ಆಟ ಬರುವ ಮೊದಲು ತೋರಿಸಿದ ಟ್ರೇಲರಿನಲ್ಲಿ ಒಬ್ಬನೇ ರೈತ ಇದ್ದ. ಇನ್ನುಮುಂದೆ ಕಂಪ್ಯೂಟರಿಗೆ ಒಬ್ಬರೇ, ಜೊತೆ ಬೇಕಾದವರು ಬೇರೆ ಕಂಪ್ಯೂಟರು ಇಟ್ಟುಕೊಳ್ಳಬೇಕು ಅಂತ ಜನ ಬರೆಯುತ್ತಿದ್ದರು.

"ನೀ ಆಡವಾ. ನಾ ಮಗ್ಗಲದಾಗ ಕುಂತ ನೋಡತೇನಿ" ಅಂದೆ.

"ಇಬ್ಬರಿಗೂ ಜಾಗಾ ಇಲ್ಲಂದ್ರ ಆ ಆಟ ನಮ್ಮನಿಗೆ ಬ್ಯಾಡ್ರಿ" ಅಂದಳು, ರೊಟ್ಟಿ ತಿರುವಿ ಹಾಕುತ್ತ. ವರ್ಷಗಟ್ಟಲೆ ದಾರಿ ಕಾದ ಹೆಣ್ಣುಮಗಳು ಅಷ್ಟು ಹಗುರವಾಗಿ ಅಂದುಬಿಟ್ಟಳು. ದೇವರಿಗೆ ಬೇಡಿಕೊಳ್ಳೋಣವೆಂದರೆ, ಇಂಥದ್ದನ್ನು ಯಾವ ದೇವರ ಮುಂದೆ ಬಾಯಿಬಿಟ್ಟು ಹೇಳುವುದು? ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತು, ಏನೂ ಕೇಳದೆ ಬಂದೆ.

ಇವತ್ತು ಮಧ್ಯಾಹ್ನ ಆಟ ಇಳಿಸಿಕೊಂಡೆವು. ಕಂಪ್ಯೂಟರು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿ ಕಡೆಗೆ ತೆರೆಯಿತು. ಸೊಸೆ ಪರದೆಯ ಮೇಲಿನ ಒಂದೊಂದೇ ಸಾಲು ಓದುತ್ತ ಕೆಳಗೆ ಬಂದಳು. ಒಂದು ಸಾಲಿಗೆ ಬಂದು ಓದು ನಿಲ್ಲಿಸಿದಳು. ಹೆಡ್‌ಫೋನು ಕೊರಳಿಗೆ ಇಳಿಸಿ, ಎರಡನೇ ರಿಮೋಟು ನನ್ನ ತೊಡೆಯ ಮೇಲೆ ಇಟ್ಟಳು.

"ಹಿಡೀರಿ."

ಪರದೆಯ ಮೇಲೆ ಇಬ್ಬರು ಬಂದು ನಿಂತರು, ಪಕ್ಕದಲ್ಲಿ ಎತ್ತು. ನಾನು ಒತ್ತಬೇಕಾದ ಗುಂಡಿ ಬಿಟ್ಟು ಅವಳ ಕೈ ಒತ್ತಿದೆ.

ಸಂಜೆ ಮಗ ಕಿತ್ತೂರಿನ ಗ್ಯಾರೇಜಿನಿಂದ ಬಂದಾಗ ಒಲೆ ತಣ್ಣಗಿತ್ತು. "ಅತ್ತಿ ಸೊಸಿ ಕೂಡಿ ಹೊಲಕ್ಕ ಹೋದ್ರ ನಮಗ ಉಪವಾಸೇನ?" ಅಂತ ಗೊಣಗುತ್ತ ಮೊಮ್ಮಗಳನ್ನು ಕರೆದುಕೊಂಡು ಅಡುಗೆಮನೆಗೆ ಹೋದ. ಅವರಿಬ್ಬರು ಮಾಡಿದ ಅನ್ನ ಮುದ್ದೆಯಾಗಿತ್ತು, ಸಾರಿಗೆ ಉಪ್ಪು ಜಾಸ್ತಿ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವುದು ಸೊಸೆಯ ರೂಢಿ. ಇವತ್ತೂ ಸೌಟು ಹಿಡಿಯಲಿಕ್ಕೆ ಎದ್ದಳು. ನಾನು ಸೆರಗು ಜಗ್ಗಿ ಕೂರಿಸಿದೆ.

"ಕುಂದರ. ನಿನಗ ನಾ ನೀಡತೇನಿ."

ಅವಳ ಗಂಗಾಳಕ್ಕೆ ಅನ್ನ ಹಾಕಿ ಮೇಲೆ ತುಪ್ಪ ಸುರಿದೆ. "ಸಾಕ್ರಿ ಅತ್ತಿ" ಅಂದಳು. ನನಗೆ ಸಾಕೆನಿಸಲಿಲ್ಲ, ಮತ್ತೊಂದು ಚಮಚ ಹಾಕಿದೆ. ನಾಲ್ಕೂ ಮಂದಿ ಒಂದೇ ಸಾಲಿಗೆ ಕೂತು, ಉಪ್ಪಾದ ಆ ಸಾರನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡೆವು.