ಕಾಕಾ ಎಂಜಿನ್ ಬದಲಿಸಿದ ವ್ಯಾನು

ಮೊನ್ನೆ ಸಂಭಾಜಿನಗರದ ಸಿಗ್ನಲ್ಲಿನಲ್ಲಿ, ಪಕ್ಕದಲ್ಲಿ ನಿಂತ ಟೆಂಪೊದಿಂದ ಎಂಜಿನ್ ತಂಪಾಗಿಸುವ ಕೂಲಂಟು ಕಾದ ಸಿಹಿ ವಾಸನೆ ಬಂತು. ಹಳೆಯದೊಂದು ಪ್ರಯಾಣ ನೆನಪಾಯಿತು…

ಪಿಂಪಳಗಾಂವದ ಬ್ಯಾಂಕಿಗೆ ವರ್ಗವಾಗಿ ಬಂದಾಗ ನಾನು ಒಬ್ಬಳೇ. ಪಕ್ಕದ ಮನೆಯಲ್ಲಿ ಧಾರವಾಡ ಕಡೆಯ ಗಂಡಹೆಂಡತಿ ಇದ್ದರು. ನನಗೆ ಕಾಕಾ, ಕಾಕು. ಕಾಕಾ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕಾಕುಗೆ ಬೆನ್ನುಮೂಳೆಯ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಸಂಭಾಜಿನಗರದ ಆಸ್ಪತ್ರೆಗೆ ಮಲಗಿಸಿಕೊಂಡೇ ಒಯ್ಯಬೇಕಿತ್ತು. ಅಷ್ಟರಲ್ಲಿ ಅವರ ವ್ಯಾನಿನ ಪೆಟ್ರೋಲ್ ಎಂಜಿನ್ ಜಾಮ್ ಆಯಿತು. ಕಾಕಾ ಗುಜರಿಯಿಂದ ಬೇರೊಂದು ಗಾಡಿಯ ಡೀಸೆಲ್ ಎಂಜಿನ್ ತಂದು ಅಂಗಳದಲ್ಲೇ ಕೂರಿಸತೊಡಗಿದರು.

ಕಾರ್ಖಾನೆಯಲ್ಲಿ ಅವರು ಬಿಗಿದ ಪ್ರತಿ ಬೋಲ್ಟನ್ನೂ ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕುತ್ತಿದ್ದರಂತೆ. ಇಲ್ಲಿ ಯಾರಿದ್ದಾರೆ? "ತಂಗಿ, ಸ್ವಲ್ಪ ಬಾ ಇಲ್ಲೆ. ಪಾನಾ ಹಿಡಿದು ಎಳದು ನೋಡು. ಸಡ್ಲ ಐತೇನು?" ಎಂದು ಸ್ಪ್ಯಾನರನ್ನು ನನ್ನ ಕೈಗಿಡುತ್ತಿದ್ದರು. ಎಳೆದು ನೋಡಿ, "ಗಟ್ಟಿ ಐತ್ರಿ ಕಾಕಾ" ಎನ್ನುತ್ತಿದ್ದೆ. ನನಗೇನು ಗೊತ್ತಿತ್ತು!

ಮೊದಲ ಪ್ರಯಾಣಕ್ಕೆ ನಾನೂ ರಜೆ ಹಾಕಿ ಜೊತೆಗೆ ಹೊರಟೆ. ಮೇ ತಿಂಗಳ ಬಿಸಿಲು. ಯೇವಲಾ ದಾಟುತ್ತಲೇ ಎಂಜಿನ್ ಕಾವು ತೋರಿಸುವ ಮುಳ್ಳು ಏರತೊಡಗಿತು. ಕಾಕಾ ವೇಗ ತಗ್ಗಿಸಿದರು. ನಾನು 'ಗಟ್ಟಿ ಐತಿ' ಎಂದಿದ್ದ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತ ಕೂತೆ…

"ಈ ಎಂಜಿನ್ನಿಗೆ ಹಳೇ ರೇಡಿಯೇಟರ್ ಸಣ್ಣದಾತು. ನಂದ ತಪ್ಪು," ಎಂದರು ಕಾಕಾ. "ಹೀಟರ್ ಹಚ್ಚಿದ್ರ ಎಂಜಿನ್ ಕಾವೆಲ್ಲ ಒಳಗ ಬಂದು ಎಂಜಿನ್ ತಣ್ಣಗಾಗತೈತಿ. ಅಕಿಗೆ ತಡಕೊಳ್ಳಾಕ ಆಗತೈತೇನು, ಕೇಳು."

ಹಿಂದೆ ಮಲಗಿದ್ದ ಕಾಕು ಕಣ್ಣು ತೆರೆಯದೆಯೇ ಹೇಳಿದರು: "ಹಚ್ಚರಿ. ದಾರ್ಯಾಗ ನಿಲ್ಲೂದಕ್ಕಿಂತ ಇದು ಚಲೋ."

ಕಿಟಕಿಗಳನ್ನೆಲ್ಲ ತೆರೆದರೂ ಒಲೆಯ ಬಾಯಲ್ಲಿ ಕೂತಂತಿತ್ತು. ನಾನು ಟವೆಲ್ ತೋಯಿಸಿ ಕಾಕುವಿನ ಹಣೆಗೆ, ಪಾದಕ್ಕೆ ಹಾಕುತ್ತಿದ್ದೆ. ಮುಳ್ಳು ಕೂದಲೆಳೆಯಷ್ಟು ಇಳಿಯಿತು, ಮತ್ತೆ ಏರಿತು. ವೈಜಾಪುರದಲ್ಲಿ ನಿಂತು, ಎಂಜಿನ್ ಆರಿದ ಮೇಲೆ ನೀರು ತುಂಬಿ ಹೊರಟೆವು. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಸಂಜೆ ನಾಲ್ಕು. ಗಾಡಿ ನಿಂತರೂ ಕಾಕಾ ಸ್ಟಿಯರಿಂಗ್ ಬಿಡಲಿಲ್ಲ. ಬೆರಳುಗಳು ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಕಾಕುವೇ, "ಇಳೀರಿ, ಮುಟ್ಟಿದ್ವಲ್ಲ" ಎಂದರು.

ಮರುವಾರವೇ ಕಾಕಾ ದೊಡ್ಡ ರೇಡಿಯೇಟರ್ ಕೂರಿಸಿದರು. ಗಾಡಿ ಇನ್ನೂ ಎಂಟು ಸಲ ಹೋಗಿ ಬಂತು, ಎಲ್ಲೂ ಕೈಕೊಡಲಿಲ್ಲ. ಆಮೇಲೆ ಹೋಗುವ ಅಗತ್ಯವೇ ಉಳಿಯಲಿಲ್ಲ… ಒಬ್ಬರೇ ಉಳಿದ ಕಾಕಾ ಮಗಳ ಮನೆಗೆ ಹೋದರು. ಅವರೂ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು.

ಈಗ ನಾನಿರುವುದು ಸಂಭಾಜಿನಗರದಲ್ಲೇ. ಚಿಕಿತ್ಸೆಯ ಸರದಿಗಾಗಿ ಅವರಿಬ್ಬರೂ ದಿನಗಟ್ಟಲೆ ಆ ಆಸ್ಪತ್ರೆಯ ಪಡಸಾಲೆಯಲ್ಲಿ ಕಾದವರು. ಅಲ್ಲಿಂದ ನನ್ನ ಮನೆಗೆ ಹತ್ತೇ ನಿಮಿಷ. ಅವರಿಗೆ ಕೊಡಬಹುದಾಗಿದ್ದ ಒಂದು ಕೋಣೆ ಖಾಲಿಯೇ ಇದೆ.